ಟೀ ಕುಡಿದರೆ ಇಳಿಯುತ್ತದಾ?

(ನಮ್ಮ ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳನ್ನು ಆಮೇಲೆ ಕೂತು ಬರೆದದ್ದು. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೋಡ ಕಟ್ಟಿದ್ದರೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಒಂದು ಲೋಟ ಟೀಯಿಂದ ಶುರು ಮಾಡುತ್ತೇನೆ. ನಾನಾಗ ಬಿಎಸ್ಸಿ ಎರಡನೇ ವರ್ಷ. ಮನೆಯಲ್ಲಿ ಅಕ್ಕನ ಮದುವೆ. ಚಪ್ಪರದ ದಿನ ರಾತ್ರಿ ನಮ್ಮ ಸೋದರಮಾವ ಗೆಳೆಯರ ಜೊತೆ ತೋಟದ ಕಡೆ ಹೋಗಿ ಚೆನ್ನಾಗಿ ಕುಡಿದು ಬಂದರು. ಜಗಲಿಯ ಮೇಲೆ ಕೂತವರು ಅಲ್ಲೇ ಒರಗಿದರು. ನೆಂಟರೆಲ್ಲ ಇದ್ದಾರೆ, ಮರ್ಯಾದೆ ಪ್ರಶ್ನೆ. ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದು, "ಸ್ಟ್ರಾಂಗಾಗಿ ಒಂದು ಲೋಟ ಟೀ ಕಾಯ್ಸಿ ಕೊಡು. ಹಾಲು ಹಾಕ್ಬೇಡ. ಇಳ್ದೋಯ್ತದೆ" ಅಂದರು. ಎರಡು ಚಮಚ ಟೀ ಪುಡಿ ಹಾಕಿ, ಕಪ್ಪಗಾಗುವ ತನಕ ಕುದಿಸಿ, ನಿಂಬೆಹಣ್ಣು ಹಿಂಡಿ ತಂದುಕೊಟ್ಟೆ.

ಅರ್ಧ ಗಂಟೆಯಲ್ಲಿ ಮಾವ ಎದ್ದು ಕೂತರು. ಮುಖ ತೊಳೆದರು. ತೊದಲುತ್ತಿದ್ದ ಮಾತು ಸರಿಹೋಯಿತು. ಟೀ ಮುಗಿಸಿ ಲೋಟವನ್ನು ಜಗಲಿಯ ಮೇಲೆ ಇಡಲು ಹೋದರು. ಅಂಚಿನ ಆಚೆ ಇಟ್ಟರು, ಲೋಟ ಕೆಳಗೆ ಬಿತ್ತು. ಯಾರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಹೂವು ತರೋದಿದೆಯಲ್ಲ, ನಾನೇ ಹೋಗ್ಬತ್ತೀನಿ. ಈಗ ಸರಿಯಾಗಿದ್ದೀನಿ" ಅಂದರು. ಒಳಗಿಂದ ಬೈಕ್ ಕೀ ತಂದುಕೊಟ್ಟದ್ದೂ ನಾನೇ.

ಊರಾಚೆ ನಾಲೆಯ ತಿರುವಿನಲ್ಲಿ ಬೈಕು ಮೋರಿಕಟ್ಟೆಗೆ ಹೊಡೆಯಿತು. ಜೀವ ಉಳಿಯಿತು. ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಮಾವ ಈಗಲೂ ಸ್ವಲ್ಪ ಕುಂಟುತ್ತಾರೆ.

ಆಮೇಲೆ ನಾನು ಜೀವರಸಾಯನಶಾಸ್ತ್ರ ಓದಿದೆ, ಅದನ್ನೇ ಪಾಠ ಮಾಡುತ್ತಾ ಬಂದೆ. ಲಿವರ್ ಆಲ್ಕೋಹಾಲನ್ನು ಹೇಗೆ ಒಡೆಯುತ್ತದೆ ಅನ್ನುವ ಪಾಠ ಪ್ರತಿ ವರ್ಷ ಬರುತ್ತದೆ. ಪ್ರತಿ ವರ್ಷವೂ ಆ ಲೋಟ ಬಿದ್ದ ಸದ್ದು ನನಗೆ ಕೇಳಿಸುತ್ತದೆ. ಟೀ ಕುಡಿದ ಮೇಲೆ ಮಾವ ನಿಜವಾಗಲೂ ಸರಿಯಾಗಿದ್ದರಾ? ಸರಿಯಾಗಿದ್ದರೆ ಲೋಟ ಯಾಕೆ ಬಿತ್ತು? ಇವತ್ತು ನಿಮ್ಮ ಮುಂದೆ ಈ ಪ್ರಶ್ನೆಯನ್ನೇ ಬಿಡಿಸುತ್ತೇನೆ.

ಅಜ್ಜಿಯ ನಂಬಿಕೆ ಅಜ್ಜಿಯದ್ದು ಮಾತ್ರ ಅಲ್ಲ. ಬಹಳ ದೂರದಿಂದ, ಬಹಳ ಹಿಂದಿನಿಂದ ಬಂದದ್ದು. 1214ರಲ್ಲಿ ಜಪಾನಿನ ಕಾಮಾಕುರದಲ್ಲಿ ಸಾನೆತೊಮೊ ಅನ್ನುವ ಶೋಗನ್ ಇದ್ದ. ಶೋಗನ್ ಅಂದರೆ ಸೇನೆಯನ್ನೂ ಆಡಳಿತವನ್ನೂ ಕೈಯಲ್ಲಿ ಹಿಡಿದಿದ್ದ ದೊರೆ. ಒಂದು ರಾತ್ರಿ ಜಾಸ್ತಿ ಕುಡಿದು, ಬೆಳಿಗ್ಗೆ ಏಳಲಾಗದೆ ಒದ್ದಾಡುತ್ತಿದ್ದ. ಐಸಾಯ್ ಅನ್ನುವ ಬೌದ್ಧ ಸನ್ಯಾಸಿ ಒಂದು ಬಟ್ಟಲು ಟೀ ತರಿಸಿಕೊಟ್ಟ. ಜೊತೆಗೆ ಟೀಯ ಗುಣಗಳ ಬಗ್ಗೆ ತಾನು ಬರೆದಿದ್ದ ಹೊತ್ತಗೆಯನ್ನೂ ಕೊಟ್ಟ. ಚೀನಾದಿಂದ 1191ರಲ್ಲಿ ಮರಳುವಾಗ ಟೀ ಬೀಜ ತಂದವನು ಇದೇ ಐಸಾಯ್. ಶೋಗನ್‌ಗೆ ಹಾಯೆನಿಸಿತು. ಜಪಾನಿನಲ್ಲಿ ಟೀಗೆ ದೊಡ್ಡ ಮನೆಗಳ ಬಾಗಿಲು ತೆರೆದುಕೊಳ್ಳುವುದಕ್ಕೆ ಆ ಬೆಳಗಿನ ತಲೆನೋವೂ ಒಂದು ಕಾರಣ.

ಅದಕ್ಕೂ ಹಿಂದೆ, 8ನೇ ಶತಮಾನದಲ್ಲಿ ಚೀನಾದ ಲು ಯು ಟೀಯ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದ. ಅದರಲ್ಲಿ ಇನ್ನೂ ಹಳೆಯ ಒಂದು ನಿಘಂಟಿನ ಮಾತು ಬರುತ್ತದೆ. ಇದನ್ನು ಕುಡಿದರೆ ಅಮಲು ಇಳಿಯುತ್ತದೆ, ನಿದ್ದೆ ಬರುವುದಿಲ್ಲ ಅಂತ ಅದರ ಅರ್ಥ. ಈ ವಾಕ್ಯವನ್ನು ನೆನಪಿಡಿ. ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದೆ. ನಿದ್ದೆ ಬರುವುದಿಲ್ಲ ಅನ್ನುವುದು ಸತ್ಯ. ಅಮಲು ಇಳಿಯುತ್ತದೆ ಅನ್ನುವುದನ್ನು ಪರೀಕ್ಷೆ ಮಾಡಬೇಕು. ಎರಡೂ ಒಂದೇ ಅಂತ ನಂಬಿದ್ದರಿಂದಲೇ ನಮ್ಮ ಮಾವ ಬೈಕ್ ಹತ್ತಿದ್ದು.

ಚೀನಾದಲ್ಲಿಯೇ ಇದಕ್ಕೆ ಎದುರು ಮಾತೂ ಇದೆ. 16ನೇ ಶತಮಾನದ ದೊಡ್ಡ ವೈದ್ಯ ಲಿ ಶಿಜೆನ್‌ನ ಗ್ರಂಥದಲ್ಲಿ, ಮದ್ಯದ ಮೇಲೆ ಟೀ ಕುಡಿದರೆ ಸೊಂಟ, ಕಾಲು, ಮೂತ್ರಕೋಶ ನೋಯುತ್ತದೆ ಅನ್ನುವ ಎಚ್ಚರಿಕೆ ಇದೆ. ಇವತ್ತಿಗೂ ಅಲ್ಲಿ ಅನೇಕರು ಕುಡಿದ ಮೇಲೆ ಗಟ್ಟಿ ಟೀ ಬೇಡ ಅನ್ನುತ್ತಾರೆ. ಈಗ ಅದಕ್ಕೊಂದು ವಿಜ್ಞಾನದ ಅಂಗಿಯನ್ನೂ ತೊಡಿಸಿದ್ದಾರೆ. ಟೀಯಲ್ಲಿರುವ ಥಿಯೋಫಿಲಿನ್ ಮೂತ್ರವನ್ನು ಜಾಸ್ತಿ ಮಾಡುತ್ತದೆ, ಹಾಗಾಗಿ ಅರ್ಧ ಒಡೆದ ಆಲ್ಕೋಹಾಲಿನ ವಿಷ ನೇರವಾಗಿ ಕಿಡ್ನಿಗೆ ನುಗ್ಗುತ್ತದೆ ಅನ್ನುವ ವಾದ ಅದು. ನಾನು ಇದನ್ನು ಒಪ್ಪುವುದಿಲ್ಲ. ಟೀಯಲ್ಲಿ ಥಿಯೋಫಿಲಿನ್ ಇರುವುದು ಬರೀ ಚೂರು ಪಾರು. ಆ ವಿಷ ಹುಟ್ಟುವುದೂ ಸಾಯುವುದೂ ಹೆಚ್ಚಾಗಿ ಲಿವರ್‌ನಲ್ಲೇ. ಮೂತ್ರ ಜಾಸ್ತಿ ಆದ ಮಾತ್ರಕ್ಕೆ ಅದು ಕಿಡ್ನಿಗೆ ದಾರಿ ಬದಲಿಸುವುದಿಲ್ಲ.

ಹಾಗಾದರೆ ಲಿವರ್‌ನಲ್ಲಿ ಏನಾಗುತ್ತದೆ?

ನಮ್ಮ ಕಡೆಯವರಿಗೆ ಆಲೆಮನೆ ಗೊತ್ತಲ್ವಾ? ಮೊದಲು ಗಾಣ. ಕಬ್ಬು ಅಲ್ಲಿ ಅರೆದು ಹಾಲಾಗುತ್ತದೆ. ಆ ಹಾಲು ಕೊಪ್ಪರಿಗೆಗೆ ಹೋಗಿ ಕುದಿದು ಬೆಲ್ಲವಾಗುತ್ತದೆ. ಲಿವರ್‌ನಲ್ಲಿ ಇರುವುದೂ ಹೀಗೆ ಎರಡು ಹಂತವೇ. ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಅನ್ನುವ ಕಿಣ್ವ ಗಾಣ ಇದ್ದ ಹಾಗೆ. ಅದು ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ. ಎರಡನೆಯದು ಆಲ್ಡಿಹೈಡ್ ಡಿಹೈಡ್ರೋಜಿನೇಸ್. ಅದು ಕೊಪ್ಪರಿಗೆ. ಅಸಿಟಾಲ್ಡಿಹೈಡನ್ನು ಅಸಿಟೇಟ್ ಮಾಡುತ್ತದೆ. ಅಸಿಟೇಟ್ ಅಂದರೆ ವಿನೆಗರ್‌ನ ನೆಂಟ, ಅದರಿಂದ ತೊಂದರೆ ಇಲ್ಲ. ಮೈಯೆಲ್ಲ ಅದನ್ನು ಉರಿಸಿಕೊಂಡು ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತದೆ. ಕುಡಿದದ್ದರಲ್ಲಿ ಬಹುಪಾಲು ಹೋಗುವುದು ಈ ದಾರಿಯಲ್ಲೇ. ಉಸಿರು, ಬೆವರು, ಮೂತ್ರದಲ್ಲಿ ಹಾಗೇ ಹೊರಗೆ ಹೋಗುವುದು ನೂರಕ್ಕೆ ಎರಡರಿಂದ ಹತ್ತು ಪಾಲು ಅಷ್ಟೇ. ಅದಕ್ಕೇ "ಬೆವರು ಸುರಿಸಿದರೆ ಇಳಿಯುತ್ತೆ", "ಮೂತ್ರ ಹೋದರೆ ಇಳಿಯುತ್ತೆ" ಅನ್ನುವ ಮಾತುಗಳಲ್ಲಿ ಹುರುಳಿಲ್ಲ.

ನಡುವೆ ಬರುವ ಅಸಿಟಾಲ್ಡಿಹೈಡ್ ಮಾತ್ರ ಕೆಟ್ಟದ್ದು. ಮುಖ ಕೆಂಪಾಗುವುದು, ಎದೆ ಡವಗುಟ್ಟುವುದು, ಹೊಟ್ಟೆ ತೊಳಸುವುದು, ತಲೆ ಸಿಡಿಯುವುದು, ಇವಕ್ಕೆಲ್ಲ ಅದು ಕಾರಣವಾಗುತ್ತದೆ. ಮದ್ಯದ ಜೊತೆಗೆ ಬರುವ ಅಸಿಟಾಲ್ಡಿಹೈಡನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದ್ದಾರೆ. ಗಾಣ ಜೋರಾಗಿ ಓಡಿ ಕೊಪ್ಪರಿಗೆ ನಿಧಾನವಾದರೆ ಏನಾಗುತ್ತದೆ? ಹಾಲು ತೊಟ್ಟಿಯಲ್ಲಿ ನಿಲ್ಲುತ್ತದೆ, ನಿಂತದ್ದು ಹುಳಿಯಾಗುತ್ತದೆ. ಲಿವರ್‌ನಲ್ಲಿ ಅಸಿಟಾಲ್ಡಿಹೈಡ್ ನಿಲ್ಲುವುದು ಹಾಗೆಯೇ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯ ಕೆಲಸವೇ ಇದು. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನಲ್ಲಿ ಅದರ ಈ ಗುಣ ಗೊತ್ತಾಯಿತು. ಅದು ಕೊಪ್ಪರಿಗೆಯ ಬೆಂಕಿ ಆರಿಸುತ್ತದೆ. ಮಾತ್ರೆ ನುಂಗಿ ಕುಡಿದವನಿಗೆ ಜೀವವೇ ಹೋದ ಹಾಗಾಗುತ್ತದೆ. ಡಾಕ್ಟರು ಹೇಳದೆ, ಕುಡಿಯುವವರಿಗೆ ಗೊತ್ತಿಲ್ಲದ ಹಾಗೆ ಸಾರಿನಲ್ಲಿ ಬೆರೆಸಿ ಕೊಡುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ, ಪ್ರಾಣಕ್ಕೆ ಅಪಾಯ.

ಚೀನಾ, ಜಪಾನ್, ಕೊರಿಯಾದವರಲ್ಲಿ ಮೂರನೇ ಒಂದರಷ್ಟು ಜನರಿಗೆ ಈ ಎರಡನೇ ಕಿಣ್ವ ಹುಟ್ಟಿನಿಂದಲೇ ಸೋತಿರುತ್ತದೆ. ಒಂದು ಲೋಟ ಬಿಯರ್‌ಗೇ ಮುಖ ದಾಸವಾಳದ ಹಾಗೆ ಕೆಂಪಾಗುತ್ತದೆ. ನಮ್ಮಲ್ಲಿ ಅದು ಅಪರೂಪ. ಟೀ ಮತ್ತು ಮದ್ಯದ ಸಂಬಂಧವನ್ನು ಆ ದೇಶಗಳವರೇ ಇಷ್ಟೊಂದು ಹುಡುಕುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಈಗ ವೇಗದ ಮಾತು. ಅಜ್ಜನ ಕಾಲದ ಎತ್ತಿನ ಗಾಣ ನೆನಪು ಮಾಡಿಕೊಳ್ಳಿ. ಪಕ್ಕದಲ್ಲಿ ಒಂದು ಗಾಡಿ ಕಬ್ಬು ಇರಲಿ, ಹತ್ತು ಗಾಡಿ ಇರಲಿ, ಎತ್ತು ನಡೆಯುವುದು ಅದರ ಹೆಜ್ಜೆಯಲ್ಲೇ. ಲಿವರ್ ಕೂಡ ಹಾಗೆ. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1920, 30ರ ದಶಕಗಳಲ್ಲಿ ಇದನ್ನು ಅಳೆದು ಲೆಕ್ಕ ಹಾಕಿ ತೋರಿಸಿದರು. ರಕ್ತದಲ್ಲಿ ಆಲ್ಕೋಹಾಲ್ ಎಷ್ಟೇ ಇದ್ದರೂ ಅದು ಇಳಿಯುವುದು ಹೆಚ್ಚುಕಡಿಮೆ ಒಂದೇ ವೇಗದಲ್ಲಿ. ಸಾಮಾನ್ಯವಾಗಿ ಗಂಟೆಗೆ 100 ಮಿಲಿ ರಕ್ತಕ್ಕೆ 15 ಮಿಲಿಗ್ರಾಂನಷ್ಟು. ಒಬ್ಬರಿಗೆ ಸ್ವಲ್ಪ ಜಾಸ್ತಿ, ಒಬ್ಬರಿಗೆ ಸ್ವಲ್ಪ ಕಮ್ಮಿ.

ಒಂದು ಕ್ವಾರ್ಟರ್ ತೆಗೆದುಕೊಳ್ಳೋಣ. 180 ಮಿಲಿ. ಬಾಟಲಿಯ ಮೇಲೆ ಶೇಕಡಾ 42.8 ಅಂತ ಬರೆದಿರುತ್ತದೆ. ಅಂದರೆ ಶುದ್ಧ ಆಲ್ಕೋಹಾಲ್ 77 ಮಿಲಿ, ತೂಕದಲ್ಲಿ ಸುಮಾರು 60 ಗ್ರಾಂ. 60 ಕೆಜಿ ತೂಕದ ಗಂಡಸು ರಾತ್ರಿ 10ಕ್ಕೆ ಇದನ್ನು ಕುಡಿದ ಅಂದುಕೊಳ್ಳಿ. ವಿಡ್‌ಮಾರ್ಕ್ ಲೆಕ್ಕದಲ್ಲಿ ಅದು 100 ಮಿಲಿ ರಕ್ತಕ್ಕೆ 145 ಮಿಲಿಗ್ರಾಂ ಆಸುಪಾಸು. ಗಂಟೆಗೆ 15ರಂತೆ ಕಳೆಯುತ್ತಾ ಬನ್ನಿ. ಮಧ್ಯರಾತ್ರಿ 12ಕ್ಕೆ 115. 2 ಗಂಟೆಗೆ 85. 4 ಗಂಟೆಗೆ 55. ಬೆಳಿಗ್ಗೆ 6ಕ್ಕೆ 25. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ ಗಾಡಿ ಓಡಿಸುವವರ ರಕ್ತದಲ್ಲಿ 30 ದಾಟಬಾರದು. ಅಂದರೆ ರಾತ್ರಿ ಒಂದು ಕ್ವಾರ್ಟರ್ ಹಾಕಿ ಮಲಗಿ, ಬೆಳಗಿನ ಜಾವ 5ಕ್ಕೆ ಹಾಲಿನ ಗಾಡಿ ಎತ್ತುವವನು ಇನ್ನೂ ಕುಡಿದ ಸ್ಥಿತಿಯಲ್ಲೇ ಇದ್ದಾನೆ. ಅವನಿಗೆ ಅದು ಗೊತ್ತೂ ಆಗುವುದಿಲ್ಲ. ಹೆಂಗಸರಿಗೆ ಮೈಯಲ್ಲಿ ನೀರಿನ ಪಾಲು ಕಮ್ಮಿ, ಅದೇ ಪ್ರಮಾಣಕ್ಕೆ ಇನ್ನೂ ಜಾಸ್ತಿ ಏರುತ್ತದೆ.

ಈಗ ನಮ್ಮ ಮಾವನ ಅರ್ಧ ಗಂಟೆಯನ್ನು ಇದರಲ್ಲಿ ಇಟ್ಟು ನೋಡಿ. ಆ ಅರ್ಧ ಗಂಟೆಯಲ್ಲಿ ಅವರ ರಕ್ತದಲ್ಲಿ ಇಳಿದದ್ದು 100 ಮಿಲಿಗೆ ಏಳೂವರೆ ಮಿಲಿಗ್ರಾಂ. ಟೀ ಕುಡಿಯದೇ ಸುಮ್ನೆ ಕೂತಿದ್ದರೂ ಅಷ್ಟೇ ಇಳಿಯುತ್ತಿತ್ತು.

ಟೀ ಈ ವೇಗವನ್ನು ಬದಲಿಸಬಲ್ಲದಾ ಅನ್ನುವುದನ್ನು ಲ್ಯಾಬಿನಲ್ಲಿ ನೋಡಿದವರಿದ್ದಾರೆ. ಚೀನಾದ ಗುವಾಂಗ್‌ಜೌ ನಗರದ ಸುನ್ ಯಾತ್‌ಸೆನ್ ವಿಶ್ವವಿದ್ಯಾಲಯದವರು 57 ಪಾನೀಯಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು 2013ರ ಕೊನೆಯ ಹೊತ್ತಿಗೆ ಹೊರತಂದರು. ಗಿಡಮೂಲಿಕೆಯ ಕಷಾಯಗಳು, ಟೀಗಳು, ಬಾಟಲಿ ಸೋಡಾಗಳು, ಎಲ್ಲವೂ ಅದರಲ್ಲಿದ್ದವು. ಎರಡು ಕಿಣ್ವಗಳನ್ನೂ ಪ್ರನಾಳದಲ್ಲಿ ಇಟ್ಟು, ಮೇಲೆ ಈ ಪಾನೀಯಗಳನ್ನು ಹಾಕಿ, ಕಿಣ್ವ ಚುರುಕಾಯಿತಾ ಮಂಕಾಯಿತಾ ಅಂತ ಅಳೆದರು. ಕೆಲವು ಚುರುಕು ಮಾಡಿದವು, ಕೆಲವು ತಡೆದವು. ನನಗೆ ಅದರಲ್ಲಿ ಬಹಳ ಮುಖ್ಯ ಅನ್ನಿಸಿದ್ದು ಗಾಂಜಾ ಜಾತಿಯ ಹೆಂಪ್ ಗಿಡದ ಬೀಜದ ಕಷಾಯ. ಅದು ಮೊದಲ ಕಿಣ್ವವನ್ನು ಚುರುಕು ಮಾಡಿ, ಎರಡನೆಯದನ್ನು ತಡೆಯಿತು. ಅಂದರೆ ಗಾಣ ಓಡುತ್ತಿದೆ, ಕೊಪ್ಪರಿಗೆ ಆರಿದೆ. ಇಂಥದ್ದನ್ನು "ಅಮಲು ಬೇಗ ಇಳಿಸುತ್ತದೆ" ಅಂತ ಕೊಟ್ಟರೆ ಆಲ್ಕೋಹಾಲ್ ಬೇಗ ಕಮ್ಮಿಯಾಗಬಹುದು, ಆದರೆ ವಿಷ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಎರಡನೇ ಕಿಣ್ವವನ್ನು ಚುರುಕು ಮಾಡಿದ ಪಾನೀಯಗಳಲ್ಲಿ ಸ್ಪ್ರೈಟ್ ಕೂಡ ಇತ್ತು. "ಕುಡಿದ ಮೇಲೆ ಸ್ಪ್ರೈಟ್ ಕುಡಿಯಿರಿ, ವಿಜ್ಞಾನಿಗಳೇ ಹೇಳಿದ್ದಾರೆ" ಅಂತ ಪತ್ರಿಕೆಗಳು ಬರೆದವು. ಪ್ರನಾಳದ ಫಲಿತಾಂಶವನ್ನು ಮನುಷ್ಯನ ಮೇಲೆ ಹಾಗೆ ಹೊರಿಸುವುದು ತಪ್ಪು. ನಾವು ಕುಡಿದ ಟೀ ಹೊಟ್ಟೆಗೆ ಹೋಗಿ, ಕರುಳಲ್ಲಿ ಒಡೆದು, ರಕ್ತದಲ್ಲಿ ತೆಳುವಾಗಿ, ಲಿವರ್‌ನ ಜೀವಕೋಶದ ಒಳಗೆ ಸೇರಬೇಕು. ಅಲ್ಲಿಗೆ ತಲುಪುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ?

ಅದಕ್ಕೇ ಅದೇ ತಂಡ ಮುಂದೆ ಇಲಿಗಳಿಗೆ ಇಳಿಯಿತು. 2016ರಲ್ಲಿ ಪ್ರಕಟವಾದ ಪ್ರಯೋಗ ಅದು. ಇಲಿಗಳಿಗೆ ಶೇಕಡಾ 52ರ ಮದ್ಯ ಕುಡಿಸಿ, ಜೊತೆಗೆ 20 ಬಗೆಯ ಪಾನೀಯಗಳಲ್ಲಿ ಒಂದೊಂದನ್ನು ಕೊಟ್ಟು ನೋಡಿದರು. ಸೋಡಾ ನೀರು, ಹಸಿರು ಟೀ, ಜೇನು ಬೆರೆಸಿದ ಸೇವಂತಿಗೆ ಟೀ, ಈ ಮೂರರಿಂದ ಆಲ್ಕೋಹಾಲ್ ಬೇಗ ಒಡೆಯಿತು, ಲಿವರ್‌ಗೆ ಆದ ಪೆಟ್ಟೂ ಕಮ್ಮಿ. ತಾಜಾ ಕಿತ್ತಳೆ ರಸ ಮತ್ತು ರೆಡ್ ಬುಲ್ ಮದ್ಯದ ಜೊತೆ ಒಳ್ಳೆಯದಲ್ಲ ಅಂತಲೂ ಬರೆದರು. ನಾನು ಇದನ್ನು ತಳ್ಳಿಹಾಕುವುದಿಲ್ಲ. ಹಸಿರು ಟೀಯಲ್ಲಿ ಏನೋ ಇದೆ, ಹುಡುಕಲು ಯೋಗ್ಯವಾದ ದಾರಿ. ಹಾಗೆಯೇ ಕೊರಿಯಾ, ಚೀನಾದಲ್ಲಿ ಹ್ಯಾಂಗೊವರ್‌ಗೆ, ಅಂದರೆ ಕುಡಿದ ಮರುದಿನದ ತಲೆನೋವು, ಸುಸ್ತಿಗೆ ಕುಡಿಯುವ ಹೊವೇನಿಯಾ ಮರದ ಕಷಾಯದಲ್ಲಿ ಡೈಹೈಡ್ರೋಮಿರಿಸೆಟಿನ್ ಅನ್ನುವ ವಸ್ತುವಿದೆ. 2012ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಅದನ್ನು ಇಲಿಗಳಿಗೆ ಕೊಟ್ಟಾಗ ಅಮಲಿನ ಹೊಡೆತ ಕಮ್ಮಿಯಾಯಿತು.

ಇಲಿಯ ಲಿವರ್ ನಮ್ಮದಕ್ಕಿಂತ ಬಹಳ ಬೇಗ ಕೆಲಸ ಮಾಡುತ್ತದೆ. ಇಲಿಗೆ ಕೊಟ್ಟ ಪ್ರಮಾಣ ಬೇರೆ, ನಾವು ಕುಡಿಯುವ ಲೋಟ ಬೇರೆ. ನಾವು ದಿನಾ ಕಾಯಿಸುವ ಟೀ ಮನುಷ್ಯನ ರಕ್ತದಲ್ಲಿ ಆಲ್ಕೋಹಾಲನ್ನು ಬೇಗ ಇಳಿಸುತ್ತದೆ ಅಂತ ಒಪ್ಪಬಹುದಾದ ಪುರಾವೆ ಬಂದಿಲ್ಲ. ಹ್ಯಾಂಗೊವರ್ ಔಷಧಿಗಳ ಕಥೆಯೂ ಅಷ್ಟೇ. 2022ರ ಹೊಸ ವರ್ಷದ ಹೊತ್ತಿಗೆ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಅಲ್ಲಿಯವರೆಗಿನ 21 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದರು. ಯಾವುದರ ಸಾಕ್ಷ್ಯವೂ ಗಟ್ಟಿ ಇಲ್ಲ ಅಂದರು.

ಹಾಗಾದರೆ ಮಾವ ಎದ್ದು ಕೂತದ್ದು ಹೇಗೆ? ಅದು ಸುಳ್ಳಲ್ಲವಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ.

ಅದಕ್ಕೆ ಉತ್ತರ ಲಿವರ್‌ನಲ್ಲಿಲ್ಲ, ಮಿದುಳಿನಲ್ಲಿದೆ. ನಾವು ಎಚ್ಚರ ಇದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತರೆ ಜೋಂಪು ಹತ್ತುತ್ತದೆ. ಆಲ್ಕೋಹಾಲ್ ಈ ಅಡಿನೋಸಿನ್ನನ್ನು ಇನ್ನೂ ಜಾಸ್ತಿ ಮಾಡುತ್ತದೆ, ಕುಡಿದವರು ತೂಕಡಿಸುವುದಕ್ಕೆ ಇದೂ ಕಾರಣ. ಟೀಯಲ್ಲಿರುವ ಕೆಫೀನ್ ಏನು ಮಾಡುತ್ತದೆ ಗೊತ್ತಾ? ಜಾತ್ರೆ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಅಡಿನೋಸಿನ್ ಕೂರಬೇಕಾದ ಸೀಟಿಗೆ ಟವೆಲ್ ಹಾಕುತ್ತದೆ. ಅಡಿನೋಸಿನ್ ನಿಂತೇ ಇರಬೇಕು. ಜೋಂಪು ಹರಿಯುತ್ತದೆ, ಕಣ್ಣು ಬಿಡುತ್ತದೆ. ಒಂದು ಲೋಟ ಟೀಯಲ್ಲಿ ಸಾಮಾನ್ಯವಾಗಿ 30ರಿಂದ 50 ಮಿಲಿಗ್ರಾಂ ಕೆಫೀನ್ ಇರುತ್ತದೆ. ನಾನು ಆವತ್ತು ಕುದಿಸಿದ್ದರಲ್ಲಿ ಜಾಸ್ತಿಯೇ ಇದ್ದಿರಬೇಕು.

ಆದರೆ ಆಲ್ಕೋಹಾಲ್ ಹಿಡಿದಿರುವುದು ಆ ಒಂದೇ ಸೀಟನ್ನಲ್ಲ. ಕೈಕಾಲಿನ ಹದ, ದೂರದ ಅಂದಾಜು, ತಡೆಯುವ ಬುದ್ಧಿ, ಎಲ್ಲದರ ಮೇಲೂ ಅದು ಕೂತಿದೆ. ಕಿರುಮೆದುಳನ್ನು ಮಂಕು ಮಾಡಿದೆ. ಕೆಫೀನ್ ಅಲ್ಲಿ ಏನೂ ಮಾಡಲಾರದು. ನಾಲಿಗೆ ಸ್ವಲ್ಪ ಸರಿಹೋಯಿತು, ಕಣ್ಣು ತೆರೆಯಿತು, ಕೈ ಮಾತ್ರ ಲೋಟವನ್ನು ಜಗಲಿಯ ಆಚೆ ಇಟ್ಟಿತು. ಆ ಲೋಟ ಬಿದ್ದಾಗಲೇ ನಾವು ಮಾವನನ್ನು ತಡೆಯಬೇಕಿತ್ತು. ಮನೆ ತುಂಬ ಜನ ಇದ್ದೆವು, ಒಬ್ಬರೂ ತಡೆಯಲಿಲ್ಲ.

2009ರಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಥಾಮಸ್ ಗೌಲ್ಡ್ ಮತ್ತು ಡ್ಯಾನಿಯೆಲ್ ಗುಲಿಕ್ ಇದನ್ನೇ ಇಲಿಗಳಲ್ಲಿ ತೋರಿಸಿದರು. ಇಲಿಗಳನ್ನು ಕವಲು ದಾರಿಗಳ ಒಂದು ಮಣೆಯಲ್ಲಿ ಬಿಟ್ಟರು. ಒಂದು ಕವಲಿಗೆ ಹೋದರೆ ಕಣ್ಣು ಕುಕ್ಕುವ ಬೆಳಕು, ಕರ್ಕಶ ಸದ್ದು. ಸರಿಯಾಗಿರುವ ಇಲಿ ಅಲ್ಲಿಗೆ ಹೋಗಬಾರದು ಅಂತ ಬೇಗ ಕಲಿಯುತ್ತದೆ. ಮದ್ಯ ಕೊಟ್ಟ ಇಲಿ ಕಲಿಯಲಿಲ್ಲ. ಜೊತೆಗೆ ಕೆಫೀನ್ ಕೊಟ್ಟರೂ ಕಲಿಯಲಿಲ್ಲ. ಅಪಾಯ ಎಲ್ಲಿದೆ ಅಂತ ತಿಳಿಯುವ ಶಕ್ತಿಯನ್ನು ಕೆಫೀನ್ ವಾಪಸು ತರಲಿಲ್ಲ. ಮರುವರ್ಷ, 2010ರ ನವೆಂಬರ್‌ನಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಮದ್ಯಕ್ಕೆ ಕೆಫೀನ್ ಬೆರೆಸಿ ಮಾರುತ್ತಿದ್ದ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತು. ಎಷ್ಟು ಏರಿದೆ ಅಂತ ಕುಡಿದವನಿಗೇ ತಿಳಿಯದಂತೆ ಕೆಫೀನ್ ಮುಚ್ಚಿಡುತ್ತದೆ ಅನ್ನುವುದು ಅದರ ಕಾರಣ. ತೂಕಡಿಸುವ ಕುಡುಕ ಮಲಗಿಬಿಡುತ್ತಾನೆ. ಎಚ್ಚರವಾಗಿರುವ ಕುಡುಕ ಕೀ ಕೇಳುತ್ತಾನೆ.

ಸಕ್ಕರೆಯದ್ದೂ ಒಂದು ಪಾಲಿದೆ. ಲಿವರ್ ಆಲ್ಕೋಹಾಲ್ ಒಡೆಯುವುದರಲ್ಲಿ ಮುಳುಗಿದಾಗ ಹೊಸದಾಗಿ ಗ್ಲೂಕೋಸ್ ಮಾಡುವ ಕೆಲಸ ಕುಂಟುತ್ತದೆ. ಊಟ ಮಾಡದೆ ಕುಡಿದವರಿಗೆ ರಕ್ತದ ಸಕ್ಕರೆ ಇಳಿದು ನಡುಕ, ಬೆವರು, ಸುಸ್ತು ಬರುತ್ತದೆ. ಆಗ ಸಿಹಿಯಾದ ಒಂದು ಲೋಟ ಟೀ ಕೊಟ್ಟರೆ ನಿಜವಾಗಿಯೂ ಜೀವ ಬಂದ ಹಾಗಾಗುತ್ತದೆ. ಹೊಟ್ಟೆಗೆ ನೀರೂ ಹೋಯಿತು, ಬಿಸಿಯೂ ಸಿಕ್ಕಿತು, ಪಕ್ಕದಲ್ಲಿ ಒಬ್ಬರು ಕೂತರು. ಶೋಗನ್‌ಗೂ ಬಹುಶಃ ಇದೇ ಆಗಿರಬೇಕು. ಮರುದಿನ ಬೆಳಿಗ್ಗೆ ಸುಸ್ತಾದವರಿಗೆ ಟೀ ಕೊಡುವುದರಲ್ಲಿ ನನ್ನದೇನೂ ತಕರಾರಿಲ್ಲ. ಖಾಲಿ ಹೊಟ್ಟೆಗೆ ಕಡು ಟೀ ಕೊಟ್ಟರೆ ಹೊಟ್ಟೆ ಇನ್ನೂ ತೊಳಸಬಹುದು, ಅಷ್ಟು ನೋಡಿಕೊಳ್ಳಿ. ರಾತ್ರಿ ಹೊತ್ತು ಕೊಟ್ಟರೆ ನಿದ್ದೆಯೂ ಕೆಡುತ್ತದೆ, ಕೆಫೀನ್ ಅರ್ಧದಷ್ಟು ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು.

ನಾನು ಹೇಳಬೇಕೆಂದುಕೊಂಡದ್ದು ಇಷ್ಟು. ಇನ್ನು ನೀವು ಕೇಳಿ.

ಮೊದಲು ಕೇಳಿದ್ದು ಹಿಂದಿನ ಸಾಲಿನ ಒಬ್ಬ ಹುಡುಗ. "ಸರ್, ಟೀ ಕುಡಿದು ಏಲಕ್ಕಿ ಹಾಕ್ಕೊಂಡ್ರೆ ಪೊಲೀಸರ ಮಿಷಿನ್‌ನಲ್ಲಿ ಕಮ್ಮಿ ತೋರಿಸುತ್ತೆ ಅಂತಾರಲ್ಲ?"

ತೋರಿಸುವುದಿಲ್ಲ ಕಣಪ್ಪ. ಏಲಕ್ಕಿ ಮುಚ್ಚುವುದು ವಾಸನೆಯನ್ನು. ಮಿಷಿನ್ ಅಳೆಯುವುದು ಶ್ವಾಸಕೋಶದ ಆಳದಿಂದ ಬರುವ ಗಾಳಿಯಲ್ಲಿನ ಆಲ್ಕೋಹಾಲನ್ನು. ಅದು ಬರುವುದು ರಕ್ತದಿಂದ. ರಕ್ತದಲ್ಲಿ ಇರುವ ತನಕ ಉಸಿರಿನಲ್ಲಿ ಬರುತ್ತಲೇ ಇರುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ತನಕ ದಂಡ ಅಥವಾ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು. ದಂಡ ಕಟ್ಟಿ ಮನೆಗೆ ಬಂದವನು ಅದೃಷ್ಟವಂತ ಅನ್ನುತ್ತೇನೆ ನಾನು.

ಒಬ್ಬ ಹಿರಿಯರು ಮಜ್ಜಿಗೆ, ನಿಂಬೆಹಣ್ಣಿನ ಬಗ್ಗೆ ಕೇಳಿದರು. ಮದ್ಯ ಮೈಯ ನೀರನ್ನು ಹೊರಗೆ ಹಾಕಿಸುತ್ತದೆ. ಉಪ್ಪು ಹಾಕಿದ ನೀರು ಮಜ್ಜಿಗೆ ಅದಕ್ಕೆ ಒಳ್ಳೆಯದೇ. ಬಾಯಾರಿಕೆ ತೀರುತ್ತದೆ, ಸುಸ್ತು ಕಮ್ಮಿಯಾಗುತ್ತದೆ. ಗಂಟೆಗೆ 15 ಅನ್ನುವ ಲೆಕ್ಕ ಬದಲಾಗುವುದಿಲ್ಲ. ಎಷ್ಟು ಏರುತ್ತದೆ ಅನ್ನುವುದನ್ನು ಬದಲಾಯಿಸಬಲ್ಲದ್ದು ಕುಡಿಯುವ ಮುಂಚಿನ ಊಟ. ಹೊಟ್ಟೆಯಲ್ಲಿ ಮುದ್ದೆಯೋ ಅನ್ನವೋ ಇದ್ದರೆ ಆಲ್ಕೋಹಾಲ್ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ಅಷ್ಟು ಮೇಲಕ್ಕೆ ಏರುವುದಿಲ್ಲ.

ಗ್ರೀನ್ ಟೀ ಮಾತ್ರೆ ತೆಗೆದುಕೊಂಡರೆ ಲಿವರ್‌ಗೆ ಒಳ್ಳೆಯದಾ ಅಂತ ಒಬ್ಬ ಮೇಡಂ ಕೇಳಿದರು. ಲೋಟದಲ್ಲಿ ಕುಡಿಯುವುದು ಬೇರೆ, ಸಾರ ತೆಗೆದು ಮಾತ್ರೆ ಮಾಡಿದ್ದು ಬೇರೆ. ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿ ಹೊಟ್ಟೆಗೆ ಹೋದರೆ ಲಿವರ್‌ಗೆ ಪೆಟ್ಟು ಬೀಳುವ ಲಕ್ಷಣಗಳು ಕಾಣುತ್ತವೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ಇಜಿಸಿಜಿ ಅಂದರೆ ಹಸಿರು ಟೀಯ ಮುಖ್ಯ ಸಾರ. ಕುಡಿಯುವವರ ಲಿವರ್ ಮೊದಲೇ ದಣಿದಿರುತ್ತದೆ, ಅದರ ಮೇಲೆ ಇದು ಬೇಡ.

ಕೊನೆಗೆ ಎದ್ದವರು ಬಸ್ ಸ್ಟ್ಯಾಂಡ್ ಹತ್ತಿರ ಟೀ ಅಂಗಡಿ ಇಟ್ಟಿರುವ ಒಬ್ಬ ಅಕ್ಕ. ಅವರ ಅಂಗಡಿಯಿಂದ ನಾಲ್ಕು ಹೆಜ್ಜೆಗೆ ಬಾರ್ ಇದೆಯಂತೆ. "ರಾತ್ರಿ ಯಾರಾದ್ರೂ ಬೆಂಚ್ ಮೇಲೆ ಬಿದ್ದಿರ್ತಾರೆ. ಎಬ್ಬಿಸಿದ್ರೂ ಏಳಲ್ಲ. ಜೊತೇಲಿರೋರು ಬಾಯಿ ಬಿಡ್ಸಿ ಟೀ ಹುಯ್ಯಿ ಅಂತಾರೆ. ಹುಯ್ಯಬೋದಾ?"

ಇಡೀ ಸಂಜೆ ನಾನು ಕಾಯುತ್ತಿದ್ದ ಪ್ರಶ್ನೆ ಇದು. ಹುಯ್ಯಬೇಡಿ ಅಕ್ಕ, ಯಾವ ಕಾರಣಕ್ಕೂ ಹುಯ್ಯಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಹಾಕಿದ್ದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗಬಹುದು. ಬೆರಳು ಹಾಕಿ ವಾಂತಿ ಮಾಡಿಸುವುದೂ ಬೇಡ. ಮಲಗಿದರೆ ಸರಿಹೋಗುತ್ತಾನೆ ಅಂತ ಬಿಟ್ಟು ಹೋಗಲೂಬೇಡಿ. ಕುಡಿಯುವುದು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿ ಉಳಿದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಬಿದ್ದ ಮೇಲೂ ಏರುತ್ತಿರುತ್ತದೆ. ಕೂಗಿ ಅಲುಗಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಿ. ಬರುವ ತನಕ ಉಸಿರು ನೋಡುತ್ತಿರಿ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಹತ್ತು ಎಣಿಸುವಷ್ಟು ಬಿಡುವು ಬಂದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ, ಪರಿಸ್ಥಿತಿ ಕೈ ಮೀರುತ್ತಿದೆ ಅಂತ ಅರ್ಥ. ಅದನ್ನು ಫೋನಿನಲ್ಲೇ ಹೇಳಿ. ಅಂಗಾತ ಮಲಗಿಸಬೇಡಿ, ವಾಂತಿ ಬಂದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

"ಮತ್ತೆ ಹೆಂಗೆ ಮಲಗಿಸೋದು?" ಅಂದರು.

ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಏಲಕ್ಕಿ ಕೇಳಿದ ಹುಡುಗನನ್ನೇ ಕರೆದು, ಓದುವ ಕೋಣೆಯ ಉದ್ದ ಬೆಂಚಿನ ಮೇಲೆ ಮಲಗಿಸಿದೆ. ಎಡಮಗ್ಗುಲಿಗೆ ಹೊರಳಿಸಿದೆ. ಮೇಲಿನ ಮಂಡಿಯನ್ನು ಮಡಚಿ ಮುಂದಕ್ಕೆ ಇಟ್ಟೆ, ಮೈ ಬೋರಲು ಬೀಳದಂತೆ. ಮೇಲಿನ ಕೈಯನ್ನು ಕೆನ್ನೆಯ ಕೆಳಗೆ ಇಟ್ಟೆ. ಗದ್ದವನ್ನು ಸ್ವಲ್ಪ ಎತ್ತಿ, ಬಾಯಿ ನೆಲದ ಕಡೆಗೆ ಇರುವ ಹಾಗೆ ಮಾಡಿದೆ, ಏನೇ ಬಂದರೂ ಹೊರಗೆ ಹರಿಯಲಿ ಅಂತ. ಅಕ್ಕ ಹತ್ತಿರ ಬಂದು ನೋಡಿದರು. ಆಮೇಲೆ ಹುಡುಗನನ್ನು ಮತ್ತೆ ಅಂಗಾತ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲಿನಿಂದ ಎಲ್ಲವನ್ನೂ ತಾವೇ ಒಂದು ಸಲ ಮಾಡಿದರು.